ಕರೆಂಟ್ ಕದಿಯುವುದು ಲಾಭವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೀಟರ್ ಮಾತು ಬಂದಾಗಲೆಲ್ಲ ಅಂಗಡಿಯವರು ಕೇಳುವುದು ಇದನ್ನೇ: "ಮೀಟರ್ ಬೈಪಾಸ್ ಮಾಡಿ, ಅದಕ್ಕೆ ಕಾಣದಂತೆ ಕರೆಂಟ್ ಎಳೆದುಕೊಂಡವರು ಆರಾಮಾಗಿದ್ದಾರೆ, ಪೂರ್ತಿ ಬಿಲ್ ಕಟ್ಟುವ ನಾವು ದಡ್ಡರಾ?" ಪಾಪ-ಪುಣ್ಯ ಪಕ್ಕಕ್ಕಿರಲಿ, ಬರೀ ದುಡ್ಡಿನ ಲೆಕ್ಕವನ್ನೇ ಹಾಕೋಣ.

5 ಕಿಲೋವ್ಯಾಟ್ ಮಂಜೂರಾದ ಅಂಗಡಿ. ತಿಂಗಳ ಬಳಕೆ 500 ಯೂನಿಟ್, ಅದರಲ್ಲಿ 200 ಮೀಟರ್‌ಗೆ ಕಾಣದೆ ಹೋಗುತ್ತದೆ ಅಂದುಕೊಳ್ಳಿ. ಲೆಕ್ಕಕ್ಕೆಂದು ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 19,200 ಉಳಿಯಿತು.

ಈಗ ಸಿಕ್ಕಿಬಿದ್ದ ದಿನಕ್ಕೆ ಬನ್ನಿ. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಮೊದಲು ಸಂಪರ್ಕ ಕಡಿತ. ಆಮೇಲೆ ಬ್ಯಾಕ್ ಬಿಲ್ಲಿಂಗ್, ಅಂದರೆ ಕದ್ದ ಹಿಂದಿನ ತಿಂಗಳುಗಳಿಗೂ ಬಿಲ್. ನಿಮ್ಮ ನಿಜವಾದ 200 ಯೂನಿಟ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಕಂಡ ಲೋಡ್, ದಿನ, ಗಂಟೆ, ಬಳಕೆಯ ಅಂಶ (ಆ ಲೋಡ್‌ನಲ್ಲಿ ಎಷ್ಟು ಪಾಲು ನಿಜಕ್ಕೂ ಓಡುತ್ತದೆ ಎಂಬ ಅಂದಾಜು) ಇಷ್ಟನ್ನು ಗುಣಿಸುತ್ತಾರೆ. ಉದಾಹರಣೆಗೆ 5 × 30 × 8 × 0.6 ಅಂದರೆ 720. ಬಿಲ್ ಆಗಿರುವ 300 ಕಳೆದರೆ 420. ಕಳವು ಎಂದಿನಿಂದ ಎಂದು ಖಚಿತವಾಗದಿದ್ದರೆ 12 ತಿಂಗಳಿಗೆ, ಎರಡು ಪಟ್ಟು ದರದಲ್ಲಿ: 80,640 ರೂಪಾಯಿ. ಕೇಸ್ ರಾಜಿ ಮಾಡಿಕೊಳ್ಳಲು 152ನೇ ಸೆಕ್ಷನ್ ವಾಣಿಜ್ಯ ಬಳಕೆಗೆ ಕಿಲೋವ್ಯಾಟ್‌ಗೆ 10,000 ಇಟ್ಟಿದೆ, ಅದು 50,000. ಒಟ್ಟು 1,30,640. ಸುಮಾರು ಏಳು ವರ್ಷ ಸಿಗದೆ ದಾಟಿದವನಿಗೆ ಮಾತ್ರ ಸರಿಹೋಗುವ ವ್ಯಾಪಾರ ಇದು. ಅದೂ ಮೊದಲ ಸಲಕ್ಕೆ. ರಾಜಿಗೆ ಒಂದೇ ಅವಕಾಶ. ಎರಡನೇ ಸಲ ಕೋರ್ಟು, ಮೂರು ವರ್ಷದವರೆಗೆ ಜೈಲು ಸಾಧ್ಯ.

ಏಳು ವರ್ಷ ಯಾರಿಗೂ ಗೊತ್ತಾಗದೆ ಇರುವುದು ಎಷ್ಟು ಕಷ್ಟ ಎಂಬುದನ್ನು ಜನ ಯೋಚಿಸುವುದೇ ಇಲ್ಲ. ಈಗಿನ ಮೀಟರ್‌ಗಳಲ್ಲಿ ಬಹಳಷ್ಟು ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಕರೆಂಟನ್ನು ಹೋಲಿಸಿ ನೋಡುತ್ತವೆ, ಮುಚ್ಚಳ ತೆರೆದ ದಿನ-ಗಂಟೆಯನ್ನೂ ಬರೆದಿಟ್ಟುಕೊಳ್ಳುತ್ತವೆ. ಬೀದಿಯ ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ಹಾಕಿದ ಮೀಟರಿನ ರೀಡಿಂಗ್‌ಗೂ ಅದರ ಕೆಳಗಿನ ಎಲ್ಲ ಬಿಲ್‌ಗಳ ಮೊತ್ತಕ್ಕೂ ತಾಳೆ ಬೀಳದಿದ್ದರೆ ಜಾಗೃತ ದಳ ಆ ಬೀದಿಗೇ ಬರುತ್ತದೆ. ಯಂತ್ರ ಬಿಡಿ, ವೈರ್ ಎಳೆದವನಿಗೆ ಗೊತ್ತು, ಕೆಲಸ ಬಿಟ್ಟುಹೋದ ಹುಡುಗನಿಗೆ ಗೊತ್ತು. ಅವರ ಬಾಯಿಗೆ ಬೀಗ ಹಾಕಲು ಎಷ್ಟು ಖರ್ಚು, ಎಷ್ಟು ವರ್ಷ?

ನನಗೆ ನಿಜಕ್ಕೂ ಸಂಕಟವಾಗುವುದು ಕರೆಂಟ್ ಕದಿಯಲು ಅರ್ಥಿಂಗನ್ನೇ ನ್ಯೂಟ್ರಲ್ ಮಾಡಿಕೊಳ್ಳುವವರನ್ನು ಕಂಡಾಗ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಕರೆಂಟ್ ಮಣ್ಣಿಗೆ ಸರಿಯಾಗಿ ಇಳಿಯದೆ ಅರ್ಥ್ ವೈರಿನಲ್ಲೇ ವೋಲ್ಟೇಜ್ ಏರುತ್ತದೆ. ಆ ವೈರ್ ಫ್ರಿಜ್‌ನ ಹೊರಮೈಗೆ, ಮೋಟಾರಿಗೆ, ಅದೇ ಅರ್ಥಿಂಗ್ ಹಂಚಿಕೊಂಡ ಪಕ್ಕದಂಗಡಿಗೂ ಹೋಗಿರುತ್ತದೆ. ಕರೆಂಟ್ ಸೋರಿದರೆ ಲೈನ್ ಕಡಿಯುವ ಇಎಲ್‌ಸಿಬಿ ಟ್ರಿಪ್ ಆಗುತ್ತದೆಂದು ಅದನ್ನು ಮೊದಲೇ ಕಿತ್ತುಹಾಕಿರುತ್ತಾರೆ. ಶಾಕ್ ಹೊಡೆಯುವುದು ಏನೂ ಅರಿಯದ ಪಕ್ಕದವರಿಗೆ. ಈ ನಷ್ಟವನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಬಿಲ್ಲೇ ಭಾರವೆಂದಾದರೆ ಅದಕ್ಕೆ ದಾರಿ ಇದೆ. 75 ವ್ಯಾಟ್‌ನ ಆರು ಹಳೇ ಫ್ಯಾನ್ ತೆಗೆದು ಕಡಿಮೆ ಕರೆಂಟ್ ಎಳೆಯುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿ. ದಿನಕ್ಕೆ ಹತ್ತು ಗಂಟೆ ತಿರುಗಿದರೂ ತಿಂಗಳಿಗೆ 81 ಯೂನಿಟ್ ಇಳಿಯುತ್ತದೆ. ಚೋಕ್ ಸೇರಿ 50 ವ್ಯಾಟ್ ತಿನ್ನುವ ಹತ್ತು ಟ್ಯೂಬ್‌ಲೈಟ್ ಜಾಗಕ್ಕೆ 20 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಇನ್ನೂ 90. ಕದಿಯಬೇಕೆಂದುಕೊಂಡ 200ರಲ್ಲಿ 171 ಇಲ್ಲೇ ಬಂತು.