ಎಲ್ಲಿ ಬೇಕಾದರೂ ಆಡ್ತಾನೆ ಸರಿ, ಮೊದಲು ಎಲ್ಲಿ ನಿಲ್ಲಿಸ್ತೀರಿ?

ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ವಿಡಿಯೋ ನೋಡಿ, ಒಂದೊಂದು ಪ್ಲೇಯಲ್ಲೂ (ಚೆಂಡು ಆಟಕ್ಕೆ ಬಂದು ಮತ್ತೆ ನಿಲ್ಲುವವರೆಗಿನ ತುಣುಕು) ಯಾರು ಎಲ್ಲಿ ನಿಂತಿದ್ದರು, ಏನು ಮಾಡಿದರು ಅಂತ ದಾಖಲು ಮಾಡುವುದು ನನ್ನ ಕೆಲಸ. ಬೆಂಗಳೂರಿನಲ್ಲೇ ಕೂತು ಮಾಡುತ್ತೇವೆ. ಅಲ್ಲಿ ಶನಿವಾರ ಕಾಲೇಜು ಪಂದ್ಯ ಮುಗಿಯುವ ಹೊತ್ತಿಗೆ ನಮಗೆ ಭಾನುವಾರ ಬೆಳಗಾಗಿರುತ್ತದೆ, ವಾರದ ಕೆಲಸ ಅವತ್ತೇ ಶುರು. ಸೀಸನ್ ಮುಗಿದ ಮೇಲೆ ಆ ದಾಖಲೆಗಳಿಂದ ಆಟಗಾರರ ವರದಿ ಬರೆಯುತ್ತೇವೆ. ಏಪ್ರಿಲ್ ಕೊನೆಗೆ ಎನ್‌ಎಫ್‌ಎಲ್, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ನ ಡ್ರಾಫ್ಟ್. 32 ತಂಡಗಳು, 7 ಸುತ್ತು, ಹಿಂದಿನ ಸೀಸನ್‌ನಲ್ಲಿ ಕಳಪೆಯಾಗಿ ಆಡಿದವರಿಗೆ ಮೊದಲ ಸರದಿ. ಕಾಲೇಜು ಮುಗಿಸಿ ಬರುವ ಹುಡುಗರಲ್ಲಿ ಯಾರು ಬೇಕು ಅಂತ ತಂಡಗಳು ಆರಿಸಿಕೊಳ್ಳುತ್ತವೆ.

ಪ್ರತಿ ವರ್ಷ ಆ ಹೊತ್ತಿಗೆ ನಮ್ಮ ಟೀಮಿನಲ್ಲಿ ಒಂದು ವಾದ ಗ್ಯಾರಂಟಿ. ಒಬ್ಬ ಲೈನ್‌ಬ್ಯಾಕರ್ ಇದ್ದಾನೆ. ಓಡುತ್ತಾನೆ, ಹಿಡಿಯುತ್ತಾನೆ, ಎದುರಾಳಿಯಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುತ್ತಾನೆ, ಹಿಂದೆ ಸರಿದು ಪಾಸ್ ಕೂಡ ತಡೆಯುತ್ತಾನೆ. ಇಂಥವನಿಗೆ ಮೊದಲ ಸುತ್ತಿನ ಆಯ್ಕೆ ಖರ್ಚು ಮಾಡಬೇಕಾ, ಬೇಡವಾ?

ಈ ವಾದದಿಂದ ನಾನು ವರದಿ ಬರೆಯುವ ರೀತಿಯೇ ಬದಲಾಯಿತು. ಅದನ್ನು ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಿಫೆನ್ಸ್‌ನಲ್ಲಿ, ಅಂದರೆ ತಡೆಯುವ ಕಡೆ, 11 ಜನ. ಮುಂದೆ ಡಿಫೆನ್ಸಿವ್ ಲೈನ್, ಅಂದರೆ ಎದುರಾಳಿಯ ಜೊತೆ ಮೈಗೆ ಮೈ ತಾಗಿಸಿ ನೂಕಾಡುವವರು. ತೀರಾ ಹಿಂದೆ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿಗಳು, ಪಾಸ್ ತಡೆಯುವವರು. ನಡುವೆ ಇರುವವನು ಲೈನ್‌ಬ್ಯಾಕರ್. ಎರಡೂ ಕಡೆಯ ಕೆಲಸ ಅವನ ತಲೆ ಮೇಲೆ ಬರುತ್ತದೆ. ಈಗಂತೂ ಆ ಭಾರ ಇನ್ನೂ ಜಾಸ್ತಿ. ತಂಡಗಳು ಹೆಚ್ಚಾಗಿ ಪಾಸ್ ಹಿಡಿಯುವ ಮೂವರು ರಿಸೀವರ್‌ಗಳನ್ನು ಇಳಿಸಿ ಆಡುತ್ತವೆ. ಅವರನ್ನು ತಡೆಯೋಕೆ ಡಿಫೆನ್ಸ್ ಒಬ್ಬ ಲೈನ್‌ಬ್ಯಾಕರ್‌ನನ್ನು ಕೂರಿಸಿ, ಐದನೇ ಡಿಫೆನ್ಸಿವ್ ಬ್ಯಾಕ್‌ನನ್ನು, ಅಂದರೆ ಹಿಂದೆ ಪಾಸ್ ತಡೆಯುವ ಇನ್ನೊಬ್ಬನನ್ನು ಇಳಿಸುತ್ತದೆ. ಮೂವರ ಕೆಲಸ ಇಬ್ಬರಿಗೆ ಬೀಳುತ್ತದೆ. ಹಾಗಾಗಿ ಎಲ್ಲ ಬಲ್ಲ ಲೈನ್‌ಬ್ಯಾಕರ್ ಬೇಕು ಅನ್ನುವುದು ಸುಮ್ನೆ ಶೋಕಿ ಅಲ್ಲ, ನಿಜವಾದ ಅಗತ್ಯ. ಅಂಥವನಿದ್ದರೆ ಪ್ರತಿ ಸಲ ಆಟಗಾರರನ್ನು ಬದಲಿಸಬೇಕಾಗಿಲ್ಲ. ಅದೇ ಹನ್ನೊಂದು ಜನ ಹತ್ತು ಥರ ನಿಲ್ಲಬಹುದು, ಎದುರಿನ ಕ್ವಾರ್ಟರ್‌ಬ್ಯಾಕ್‌ಗೆ ಏನು ಬರುತ್ತಿದೆ ಅಂತ ಗೊತ್ತಾಗಲ್ಲ.

ನಮ್ಮ ಟೀಮಿಗೆ ಹೊಸದಾಗಿ ಸೇರಿದವರು ಇದನ್ನು ಕ್ರಿಕೆಟ್‌ನ ಆಲ್‌ರೌಂಡರ್‌ಗೆ ಹೋಲಿಸುತ್ತಾರೆ. ಆದರೆ ಆಲ್‌ರೌಂಡರ್ ಬ್ಯಾಟ್ ಮಾಡುವಾಗ ಬೌಲ್ ಮಾಡಲ್ಲ. ಎರಡು ಕೆಲಸಕ್ಕೂ ಬೇರೆ ಬೇರೆ ಹೊತ್ತಿದೆ. ಲೈನ್‌ಬ್ಯಾಕರ್‌ಗೆ ಆ ಪುಣ್ಯ ಇಲ್ಲ. ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ, ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಗೊತ್ತಾಗಿದ್ದು.

ನಾವು ನೋಡುವುದು ಟಿವಿಯಲ್ಲಿ ಬರುವ ಚಿತ್ರ ಅಲ್ಲ. 22 ಜನರೂ ಒಟ್ಟಿಗೆ ಕಾಣುವ ಹಾಗೆ ಎತ್ತರದಿಂದ ತೆಗೆದ ವಿಡಿಯೋ. ಚೆಂಡು ಹಿಂದಕ್ಕೆ ಬರುವ, ಅಂದರೆ ಸ್ನ್ಯಾಪ್ ಆಗುವ ಕ್ಷಣಕ್ಕೆ ಒಂದು ಫ್ರೇಮ್ ಮುಂಚೆ ನಿಲ್ಲಿಸುತ್ತೇವೆ. ಎರಡು ತಂಡ ಎದುರುಬದುರಾಗುವ ಲೈನ್‌ನಿಂದ ಹುಡುಗ ಎಷ್ಟು ಗಜ ಹಿಂದಿದ್ದಾನೆ? ಕೈ ನೆಲಕ್ಕೆ ಊರಿದ್ದಾನಾ, ಮಂಡಿ ಬಗ್ಗಿಸಿ ನಿಂತಿದ್ದಾನಾ? ಎದುರಾಳಿ ಲೈನ್‌ನ ತುದಿಯಲ್ಲಿ ನಿಲ್ಲುವ ಟೈಟ್ ಎಂಡ್‌ನ ಒಳಭುಜಕ್ಕೆ ಎದುರಾಗಿದ್ದಾನಾ, ಹೊರಭುಜಕ್ಕಾ? ಇದನ್ನೆಲ್ಲ ಗುರುತು ಮಾಡಿಕೊಂಡು, ಆಮೇಲೆ ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ಳುತ್ತೇವೆ. ನಾನು ಎಲ್ಲಕ್ಕಿಂತ ಜಾಸ್ತಿ ನೋಡುವುದು ಅವನ ಮೊದಲ ಹೆಜ್ಜೆ.

ನಡುವೆ ನಿಲ್ಲುವ ಲೈನ್‌ಬ್ಯಾಕರ್ ಕಣ್ಣು ಎದುರಾಳಿ ಲೈನ್‌ನ ಒಳಗೆ ನಿಲ್ಲುವ ಗಾರ್ಡ್ ಮೇಲೆ ಇರುತ್ತದೆ. ಗಾರ್ಡ್ ಮುಂದಕ್ಕೆ ನುಗ್ಗಿದರೆ ಓಟ, ಹಿಂದಕ್ಕೆ ಸರಿದು ಎದೆ ಎತ್ತಿದರೆ ಪಾಸ್. ಅದನ್ನು ಓದಿ ಕಾಲು ಎತ್ತಬೇಕು. ಅದೇ ಹುಡುಗನನ್ನು ಎಡ್ಜ್‌ಗೆ, ಅಂದರೆ ಲೈನ್‌ನ ತುದಿಗೆ ತಂದರೆ ಓದುತ್ತಾ ನಿಲ್ಲುವ ಹಾಗಿಲ್ಲ. ಚೆಂಡು ಅಲ್ಲಾಡಿದ ಕೂಡಲೇ ಮುಂದಕ್ಕೆ ಹಾರಬೇಕು. ಹಿಂದೆ ಸೇಫ್ಟಿಯಾಗಿ ನಿಲ್ಲಿಸಿದರೆ ಮೊದಲ ಹೆಜ್ಜೆ ಹಿಂದಕ್ಕೇ ಹೋಗಬೇಕು. ಒಂದೇ ದೇಹಕ್ಕೆ ಮೂರು ಅಭ್ಯಾಸ, ಒಂದಕ್ಕೊಂದು ವಿರುದ್ಧ. ಜಾಗ ಬದಲಿಸುತ್ತಲೇ ಇರುವ ಹುಡುಗರ ಮೊದಲ ಹೆಜ್ಜೆ ತಡವಾಗುವುದನ್ನು, ಇಲ್ಲವೇ ತಪ್ಪು ದಿಕ್ಕಿಗೆ ಹೋಗಿ ವಾಪಸ್ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರ ವೇಗದಲ್ಲಿ ಕೊರತೆ ಇರಲ್ಲ. ಏನು ನೋಡಬೇಕು ಅನ್ನುವುದು ಇನ್ನೂ ರಕ್ತಕ್ಕೆ ಇಳಿದಿರಲ್ಲ, ಅಷ್ಟೇ. ಅದನ್ನು ಇಳಿಸೋಕೆ ಅಭ್ಯಾಸದ ಹೊತ್ತು ಬೇಕು. ಎನ್‌ಎಫ್‌ಎಲ್‌ನಲ್ಲಿ ಅದಕ್ಕೇ ಬರ. ಸೀಸನ್ ನಡೆಯುವಾಗ ಪೂರ್ತಿ ಪ್ಯಾಡ್ ಕಟ್ಟಿ ಮಾಡುವ ಅಭ್ಯಾಸ 14 ಸಲಕ್ಕಿಂತ ಜಾಸ್ತಿ ಇರಬಾರದು ಅಂತ ಆಟಗಾರರ ಸಂಘದ ಜೊತೆ ಒಪ್ಪಂದವೇ ಇದೆ.

ಇದಕ್ಕೆ ಅರಿಜೋನಾ ಕಾರ್ಡಿನಲ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಐದು ಡ್ರಾಫ್ಟ್‌ಗಳಲ್ಲಿ ಮೂರು ಸಲ ಅವರು ಮೊದಲ ಸುತ್ತಿನಲ್ಲಿ ಇಂಥ ಹುಡುಗರನ್ನೇ ಆರಿಸಿದರು. ಮೂರೂ ಸಲ ಆಯ್ಕೆಯ ಹೊಣೆ ಹೊತ್ತ ಜನರಲ್ ಮ್ಯಾನೇಜರ್ ಸ್ಟೀವ್ ಕೈಮ್ ಅವರೇ.

ಮೊದಲನೆಯವನು 2017ರಲ್ಲಿ 13ನೇ ಆಯ್ಕೆಯಾಗಿ ಬಂದ ಹಾಸನ್ ರೆಡಿಕ್. ಟೆಂಪಲ್ ವಿಶ್ವವಿದ್ಯಾಲಯದಲ್ಲಿ ತುದಿಯಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್ ಬೆನ್ನು ಹತ್ತುತ್ತಿದ್ದ ಹುಡುಗ. ಅವನನ್ನು ತಂದು ನಡುವೆ ನಿಲ್ಲಿಸಿದರು. ವರ್ಷ ವರ್ಷ ಡಿಫೆನ್ಸ್ ಕೋಚ್ ಬದಲಾದರು, ಇವನ ಪಾಠವೂ ಬದಲಾಯಿತು. ಮೊದಲ ಸುತ್ತಿನವರಿಗೆ ನಾಲ್ಕು ವರ್ಷದ ಒಪ್ಪಂದ, ಐದನೇ ವರ್ಷ ಇಟ್ಟುಕೊಳ್ಳಬೇಕಾ ಅಂತ ತಂಡ ಮೂರು ಸೀಸನ್ ನೋಡಿ ತೀರ್ಮಾನಿಸಬೇಕು. 2020ರ ಮೇ ತಿಂಗಳಲ್ಲಿ ಬೇಡ ಅಂದರು. ಅದೇ ಸೀಸನ್‌ನಲ್ಲಿ ಚಾಂಡ್ಲರ್ ಜೋನ್ಸ್ ಗಾಯಗೊಂಡು ತುದಿಯ ಜಾಗ ಖಾಲಿಯಾಯಿತು. ಅಲ್ಲಿ ಆಡಿದ ರೆಡಿಕ್ 12.5 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು, ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ) ಮಾಡಿದ, ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 5. ಮುಂದಿನ ವರ್ಷ ಬೇರೆ ತಂಡಕ್ಕೆ ಹೋಗಿ 11, ಅದರ ಮುಂದಿನ ವರ್ಷ ಫಿಲಡೆಲ್ಫಿಯಾ ಈಗಲ್ಸ್ ಪರ 16. ಆ ಸೀಸನ್‌ನ ಸೂಪರ್ ಬೌಲ್, ಅಂದರೆ ಫೈನಲ್‌ನಲ್ಲೂ ಆಡಿದ. ಪಂದ್ಯ ನಡೆದಿದ್ದು ಅರಿಜೋನಾದ್ದೇ ಮೈದಾನದಲ್ಲಿ.

ಎರಡನೆಯವನು ಐಸಾಯಾ ಸಿಮನ್ಸ್, 2020ರಲ್ಲಿ 8ನೇ ಆಯ್ಕೆ. ಇವನ ಬಗ್ಗೆ ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. 6 ಅಡಿ 4 ಇಂಚು, 238 ಪೌಂಡ್, 40 ಗಜ ಓಡೋಕೆ 4.39 ಸೆಕೆಂಡ್. ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಸೇಫ್ಟಿ, ಸ್ಲಾಟ್ ಕಾರ್ನರ್, ಲೈನ್‌ಬ್ಯಾಕರ್, ಎಡ್ಜ್, ಎಲ್ಲ ಕಡೆ ಆಡಿ, ದೇಶದ ಅತ್ಯುತ್ತಮ ಲೈನ್‌ಬ್ಯಾಕರ್‌ಗೆ ಕೊಡುವ ಬಟ್ಕಸ್ ಪ್ರಶಸ್ತಿಯನ್ನೂ ಗೆದ್ದಿದ್ದ. ಬ್ರೆಂಟ್ ವೆನಬಲ್ಸ್ ಅನ್ನುವ ಕೋಚ್ ಅವನಿಗಾಗಿ ಪ್ರತಿ ವಾರ ಬೇರೆ ಯೋಜನೆ ಮಾಡುತ್ತಿದ್ದರು. ಎನ್‌ಎಫ್‌ಎಲ್‌ಗೆ ಬಂದ ವರ್ಷ ಕೊರೊನಾ. ಸೀಸನ್‌ಗೆ ಮುಂಚಿನ ಪಂದ್ಯಗಳೆಲ್ಲ ರದ್ದು. ಅವನ ಮೊಟ್ಟಮೊದಲ ಪಂದ್ಯದಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ರಹೀಮ್ ಮೋಸ್ಟರ್ಟ್ ಒಂದು ಪಾಸ್ ಹಿಡಿದು ಓಡಿ, ಕೊನೆಯ ಗೆರೆ ದಾಟಿ 76 ಗಜದ ಟಚ್‌ಡೌನ್ ಮಾಡಿದ. ಅವನನ್ನು ನೋಡಿಕೊಳ್ಳಬೇಕಾಗಿದ್ದು ಸಿಮನ್ಸ್. ಅಕ್ಟೋಬರ್‌ನಲ್ಲಿ ಇದೇ ಹುಡುಗ ಸಿಯಾಟಲ್‌ನ ರಸೆಲ್ ವಿಲ್ಸನ್ ಎಸೆದ ಚೆಂಡನ್ನು ಓವರ್‌ಟೈಮ್‌ನಲ್ಲಿ ಕಸಿದು ಪಂದ್ಯ ಗೆಲ್ಲೋಕೆ ದಾರಿ ಮಾಡಿಕೊಟ್ಟ. ಪ್ರತಿಭೆ ಇರಲಿಲ್ಲ ಅಂತ ಯಾರಾದರೂ ಹೇಳೋಕಾಗುತ್ತಾ? ಆದರೆ ಅವನ ಜಾಗ ಯಾವುದು ಅಂತ ಕೊನೆವರೆಗೂ ಯಾರೂ ಗಟ್ಟಿಯಾಗಿ ಹೇಳಲಿಲ್ಲ. 2023ರ ಆಗಸ್ಟ್‌ನಲ್ಲಿ ಅವನನ್ನು ಜೈಂಟ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಸಿಕ್ಕಿದ್ದು ಒಂದು ಏಳನೇ ಸುತ್ತಿನ ಆಯ್ಕೆ, ಅಂದರೆ ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ ಒಬ್ಬನನ್ನು ಆರಿಸುವ ಸರದಿ.

ಮೂರನೆಯವನು 2021ರ 16ನೇ ಆಯ್ಕೆ, ಝೇವನ್ ಕಾಲಿನ್ಸ್. ಇಲ್ಲಿ ಕಚೇರಿ ಕೆಲಸ ಮಾಡುವವರೆಲ್ಲ ಗಮನಿಸಬೇಕಾದ ಸಂಗತಿ ಒಂದಿದೆ. ಆ ಜಾಗದಲ್ಲಿ ಆಗಲೇ ಜೋರ್ಡನ್ ಹಿಕ್ಸ್ ಅನ್ನುವ ಅನುಭವಿ ಆಡುತ್ತಿದ್ದ. ಇನ್ನು ಮೇಲೆ ಹೊಸ ಹುಡುಗನೇ ಆಡುತ್ತಾನೆ ಅಂತ ತಂಡ ಅವನಿಗೆ ಹೇಳಿತು, ಅವನು ಬೇರೆ ತಂಡಕ್ಕೆ ಕಳಿಸಿ ಅಂತ ಕೇಳಿದ. ಕೊನೆಗೆ ಆಗಿದ್ದೇನು? ಹಿಕ್ಸ್ ಅಲ್ಲೇ ಉಳಿದು ಇಡೀ ಸೀಸನ್ ಆಡಿದ, ಮೊದಲ ಸುತ್ತಿನ ಹುಡುಗ ಹೆಚ್ಚು ಹೊತ್ತು ಪಕ್ಕದಲ್ಲಿ ನಿಂತು ನೋಡಿದ. 2023ರಲ್ಲಿ ಜಾನಥನ್ ಗ್ಯಾನನ್ ಮುಖ್ಯ ಕೋಚ್ ಆಗಿ ಬಂದ ಮೇಲೆ ಕಾಲಿನ್ಸ್‌ನನ್ನು ತುದಿಗೆ ಕಳಿಸಿದರು. ರೆಡಿಕ್ 16 ಸ್ಯಾಕ್ ಮಾಡಿದಾಗ ಫಿಲಡೆಲ್ಫಿಯಾದ ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ಇದೇ ಗ್ಯಾನನ್.

ಹಾಗಾದರೆ ಇಂಥ ಹುಡುಗರನ್ನು ತೆಗೆದುಕೊಳ್ಳಲೇಬಾರದಾ? ನಾನು ಹಾಗೆ ಹೇಳಲ್ಲ. 2021ರಲ್ಲೇ, ಕಾಲಿನ್ಸ್‌ಗಿಂತ ನಾಲ್ಕು ಆಯ್ಕೆ ಮುಂಚೆ, ಡಲ್ಲಾಸ್ ಕೌಬಾಯ್ಸ್ 12ನೇ ಆಯ್ಕೆಯಲ್ಲಿ ಪೆನ್ ಸ್ಟೇಟ್‌ನ ಮೈಕಾ ಪಾರ್ಸನ್ಸ್‌ನನ್ನು ತೆಗೆದುಕೊಂಡಿತು. ತಂದಿದ್ದು ಲೈನ್‌ಬ್ಯಾಕರ್ ಅಂತಲೇ. ಎರಡನೇ ವಾರದ ಪಂದ್ಯಕ್ಕೆ ಮುಂಚೆ ತುದಿಯಲ್ಲಿ ಆಡುತ್ತಿದ್ದ ಡಿಮಾರ್ಕಸ್ ಲಾರೆನ್ಸ್ ಪಾದ ಮುರಿದುಕೊಂಡ. ಡಿಫೆನ್ಸ್ ಕೋಚ್ ಡ್ಯಾನ್ ಕ್ವಿನ್ ಪಾರ್ಸನ್ಸ್‌ನನ್ನು ತುದಿಯಲ್ಲಿ ನಿಲ್ಲಿಸಿದರು. ಆ ವರ್ಷ 13 ಸ್ಯಾಕ್, ವರ್ಷದ ಅತ್ಯುತ್ತಮ ಹೊಸ ಡಿಫೆನ್ಸ್ ಆಟಗಾರ ಪ್ರಶಸ್ತಿ. ಆಮೇಲೆ ತುದಿಯೇ ಅವನ ಮನೆಯಾಯಿತು. 2025ರ ಆಗಸ್ಟ್‌ನಲ್ಲಿ ಡಲ್ಲಾಸ್ ಅವನನ್ನು ಬಿಟ್ಟುಕೊಟ್ಟಾಗ ಗ್ರೀನ್ ಬೇ ತಂಡ ಎರಡು ಮೊದಲ ಸುತ್ತಿನ ಆಯ್ಕೆಗಳ ಜೊತೆಗೆ ತನ್ನ ಡಿಫೆನ್ಸಿವ್ ಲೈನ್‌ನ ಆಟಗಾರ ಕೆನ್ನಿ ಕ್ಲಾರ್ಕ್‌ನನ್ನೂ ಕೊಟ್ಟಿತು. ಸಿಮನ್ಸ್‌ಗೆ ಸಿಕ್ಕ ಬೆಲೆಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಇಬ್ಬರೂ ಒಂದೇ ವೇಗದ ಹುಡುಗರು. ಕ್ವಿನ್ ಅವರಿಗೆ ಅವಕಾಶ ತಾನಾಗಿ ಬಂತು ನಿಜ. ಆದರೆ ಏನು ಕಂಡಿತೋ ಅದನ್ನು ನಂಬಿ ಹುಡುಗನನ್ನು ಅಲ್ಲೇ ಬೇರೂರಲು ಬಿಟ್ಟರು. ನನಗೆ ದೊಡ್ಡದಾಗಿ ಕಾಣುವುದು ಅದು.

2025ರ ಡ್ರಾಫ್ಟ್‌ಗೆ ಮುಂಚೆ ಜಾರ್ಜಿಯಾ ವಿಶ್ವವಿದ್ಯಾಲಯದ ಜೇಲನ್ ವಾಕರ್ ಬಗ್ಗೆ ನಮ್ಮಲ್ಲಿ ಭಾರೀ ವಾದ ನಡೆಯಿತು. ನಡುವೆಯೂ ಆಡುತ್ತಿದ್ದ, ಪಾಸ್ ಬರುವ ಹೊತ್ತಿಗೆ ತುದಿಗೂ ಹೋಗುತ್ತಿದ್ದ, ಬಟ್ಕಸ್ ಪ್ರಶಸ್ತಿಯೂ ಬಂದಿತ್ತು. ಆದರೆ ತುದಿಯಲ್ಲೇ ಪೂರ್ತಿ ಆಡೋಕೆ ಎತ್ತರ ಸ್ವಲ್ಪ ಕಡಿಮೆ ಅಂತ ಅನುಮಾನ. ನಮ್ಮ ಹಾಸನದ ಹುಡುಗ ಅವನ ಪರ. “ಸರ್, ಎರಡು ಪೊಸಿಷನ್‌ಗೆ ಒಬ್ಬನೇ ಸಿಕ್ತಾನೆ, ಇನ್ನೇನು ಬೇಕು?” ಹುಬ್ಬಳ್ಳಿಯ ಸಹೋದ್ಯೋಗಿ ಒಪ್ಪಲಿಲ್ಲ. “ಅಲ್ರೀ, ಎಲ್ಲಾ ಕಡೆ ಆಡ್ತಾನ ಅಂದ್ರ ಎಲ್ಲೂ ನೆಲಿ ನಿಂತಿಲ್ಲ ಅಂತನೂ ಆಗ್ತದಲ್ಲ?” ಇಬ್ಬರ ಮಾತಲ್ಲೂ ಹುರುಳಿತ್ತು. ನಾನು ಕೇಳಿಕೊಂಡಿದ್ದು ಇಷ್ಟು: ಮೊದಲ ಪಂದ್ಯದಲ್ಲಿ, ಮೂರನೇ ಡೌನ್‌ನಲ್ಲಿ (ಹತ್ತು ಗಜ ಸಾಗೋಕೆ ಎದುರಾಳಿಗೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) ಇನ್ನೂ ಎಂಟು ಗಜ ಬೇಕಾಗಿರುವಾಗ, ಇವನನ್ನು ಎಲ್ಲಿ ನಿಲ್ಲಿಸ್ತೀವಿ ಅಂತ ಬರೆಯಿರಿ. ಆ ಜಾಗದಿಂದ ಯಾರು ಏಳಬೇಕು ಅಂತಲೂ ಬರೆಯಿರಿ. ಆ ತಂಡದ ಡಿಫೆನ್ಸ್ ಕೋಚ್ ಮುಂದಿನ ವರ್ಷವೂ ಇರುವ ಹಾಗೆ ಕಾಣುತ್ತಾ, ಅದನ್ನೂ. ಬರೆಯುತ್ತಾ ಹೋದ ಹಾಗೆ ವಾದ ತಣ್ಣಗಾಯಿತು. ವಾಕರ್‌ನ ಮೊದಲ ಹೆಜ್ಜೆ ತುದಿಯಲ್ಲಿದ್ದಾಗಲೇ ಚುರುಕು ಅನ್ನುವುದಕ್ಕೆ ಇಬ್ಬರೂ ಒಪ್ಪಿದರು. ಅಟ್ಲಾಂಟಾ ಫಾಲ್ಕನ್ಸ್ ಅವನನ್ನು 15ನೇ ಆಯ್ಕೆಯಲ್ಲಿ ತೆಗೆದುಕೊಂಡು ತುದಿಯಲ್ಲೇ ಇಳಿಸಿತು.

ಆಗಿನಿಂದ ನಮ್ಮ ವರದಿಗಳಲ್ಲಿ “ಎಷ್ಟು ಜಾಗದಲ್ಲಿ ಆಡಿದ್ದಾನೆ” ಅನ್ನುವ ಸಾಲು ಕೆಳಗೆ ಹೋಗಿದೆ. ಮೇಲೆ ಬರುವುದು “ಮೊದಲ ವರ್ಷ ಎಲ್ಲಿ, ಯಾವ ಕೆಲಸ ಇವನಿಗೆ ಕೊಡಬಾರದು” ಅನ್ನುವ ಎರಡು ಸಾಲು. ನಮ್ಮ ಟೀಮಿಗೆ ಜನ ತೆಗೆದುಕೊಳ್ಳುವಾಗಲೂ ನಾನು ಅದನ್ನೇ ಕೇಳುತ್ತೇನೆ. ಕೋಡಿಂಗ್ ಬರುತ್ತೆ, ವಿಡಿಯೋ ಬರುತ್ತೆ, ವರದಿ ಬರೆಯೋಕೂ ಬರುತ್ತೆ ಅನ್ನುವವರು ಬಂದರೆ ಖುಷಿಯೇ. ಆದರೆ ಮೊದಲ ಆರು ತಿಂಗಳು ಅವರ ಕೈಗೆ ಒಂದೇ ಕೆಲಸ ಕೊಡುತ್ತೇವೆ. ಒಬ್ಬರೇ ಹೇಳಿಕೊಡುತ್ತಾರೆ, ದಿನಕ್ಕೊಬ್ಬರು ಬಂದು ದಿನಕ್ಕೊಂದು ಹೇಳುವುದಿಲ್ಲ. ಚುರುಕಾದ ಹುಡುಗ ಹುಡುಗಿಯರನ್ನು “ಇವರು ಏನು ಬೇಕಾದರೂ ಮಾಡ್ತಾರೆ” ಅಂತ ಖಾಲಿ ಇದ್ದ ಕಡೆಯೆಲ್ಲ ತುಂಬಿಸುವುದನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಮೂರು ವರ್ಷ ಆದ ಮೇಲೆ ಇವರಲ್ಲಿ ಏನೂ ಗಟ್ಟಿ ಇಲ್ಲ ಅನ್ನುವುದೂ ಹಾಗೆ ತುಂಬಿಸಿದವರೇ ಅಲ್ವಾ?

ಈಗ ನಾನು ಆಸೆಯಿಂದ ನೋಡುತ್ತಿರುವುದು ಫಿಲಡೆಲ್ಫಿಯಾವನ್ನು. ನ್ಯೂ ಆರ್ಲಿಯನ್ಸ್‌ನಲ್ಲಿ ಹೆಚ್ಚಾಗಿ ತುದಿಯಲ್ಲಿ ಮತ್ತು ಸ್ಪೆಷಲ್ ಟೀಮ್ಸ್‌ನಲ್ಲಿ (ಚೆಂಡು ಒದೆಯುವ ಹೊತ್ತಿಗೆ ಇಳಿಯುವ ಗುಂಪು) ಆಡುತ್ತಿದ್ದ ಝ್ಯಾಕ್ ಬಾನ್‌ನನ್ನು 2024ರಲ್ಲಿ ಒಂದು ವರ್ಷದ ಒಪ್ಪಂದಕ್ಕೆ ಕರೆತಂದು, ಕೋಚ್ ವಿಕ್ ಫ್ಯಾಂಜಿಯೋ ನಡುವೆ ನಿಲ್ಲಿಸಿದರು. ಅದೇ ಸೀಸನ್‌ನಲ್ಲಿ ಬಾನ್ ವರ್ಷದ ಅತ್ಯುತ್ತಮ ಆಟಗಾರರ ಆಲ್-ಪ್ರೋ ತಂಡಕ್ಕೆ ಆಯ್ಕೆಯಾದ, ಸೂಪರ್ ಬೌಲ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡನ್ನೂ ಕಸಿದ. ಮರುವರ್ಷ ಅಲಬಾಮಾದ ಜಿಹಾದ್ ಕ್ಯಾಂಪ್‌ಬೆಲ್‌ನನ್ನು 31ನೇ ಆಯ್ಕೆಯಲ್ಲಿ ತಂದರು. ತುದಿಯಲ್ಲೂ ನಡುವೆಯೂ ಆಡಬಲ್ಲ ಹುಡುಗ, ಬಾನ್ ಪಕ್ಕದಲ್ಲೇ ಶುರು ಮಾಡಿದ. ಅವನ ಪ್ಲೇಗಳು ನನ್ನ ಪಾಲಿಗೆ ಬಂದಾಗ ಮೊದಲ ಹೆಜ್ಜೆ ನೋಡುವ ಫ್ರೇಮ್‌ಗಳನ್ನು ಯಾರಿಗೂ ಬಿಟ್ಟುಕೊಡಲ್ಲ, ನಾನೇ ಕೂತು ಗುರುತು ಮಾಡುತ್ತೇನೆ.