ಅರ್ಧ ದಾರಿಯಿಂದ ಶುರುವಾಗುವ ಕಾಯಿಲೆ

ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೂ ಇಲಿಯ ಹೃದಯ ನಿಮಿಷಕ್ಕೆ 400-500 ಸಲ ಬಡಿಯುತ್ತಿರುತ್ತದೆ. ಸ್ತನ ಕ್ಯಾನ್ಸರ್ ಮೂಳೆಗೆ ಹರಡುವುದನ್ನು ಇಲಿಯಲ್ಲಿ ನೋಡಬೇಕೆಂದರೆ, ಆ ಹೃದಯದ ಎಡಗಡೆಯ ಕೆಳಕೋಣೆಗೆ ಹೊರಗಿನಿಂದ, ಬರೀ ಅಂದಾಜಿನ ಮೇಲೆ ಸೂಜಿ ಇಳಿಸಿ ಕ್ಯಾನ್ಸರ್ ಕೋಶಗಳನ್ನು ಬಿಡಬೇಕು. ಮೊದಲ ಸಲ ಮಾಡಿದ ದಿನ ನನ್ನ ಕೈ ನಡುಗುವುದನ್ನು ನೋಡಿ ಸೀನಿಯರ್ ಒಬ್ಬರು, "ಮೊಣಕೈ ಮೇಜಿಗೆ ಊರಿಕೋ, ಆಮೇಲೆ ಸೂಜಿ ಮುಟ್ಟು" ಅಂದರು.

ಹೃದಯಕ್ಕೇ ಯಾಕೆ ಅಂತ ಕೇಳಬಹುದು. ಬಾಲದ ರಕ್ತನಾಳಕ್ಕೆ ಕೊಟ್ಟರೆ ಕ್ಯಾನ್ಸರ್ ಕೋಶಗಳು ಮೊದಲು ಸಿಗುವ ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಸ್ತನದಲ್ಲೇ ಗಡ್ಡೆ ಬೆಳೆಸಿ, ಅದು ತಾನಾಗಿ ಮೂಳೆಗೆ ಹೋಗಲಿ ಅಂತ ಕಾದರೆ ಹೆಚ್ಚಿನ ಇಲಿಗಳಲ್ಲಿ ಅದು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹೃದಯದ ಎಡಭಾಗಕ್ಕೆ ಬಿಟ್ಟರೆ ರಕ್ತದ ಜೊತೆ ಮೈಯೆಲ್ಲ ಸುತ್ತಿ ಮೂಳೆಗೂ ತಲುಪುತ್ತವೆ.

ಅವತ್ತು ಹತ್ತು ಇಲಿ ಇದ್ದವು. ಒಂದೊಂದಕ್ಕೆ 1 ಲಕ್ಷ ಕೋಶ, 100 ಮೈಕ್ರೋಲೀಟರ್ ದ್ರವದಲ್ಲಿ. ಕೋಶಗಳು ಗಂಟುಕಟ್ಟಿದ್ದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಇಲಿ ಅಲ್ಲೇ ಸಾಯಬಹುದು, ಅದಕ್ಕೇ ಸೋಸಿಕೊಳ್ಳಬೇಕು. ಸೂಜಿ ಸರಿಯಾದ ಜಾಗಕ್ಕೆ ಬಿದ್ದರೆ ಸಿರಿಂಜಿನೊಳಗೆ ಹೊಳೆಯುವ ಕೆಂಪು ರಕ್ತ ಬಡಿತಕ್ಕೆ ತಕ್ಕಂತೆ ಚಿಮ್ಮುತ್ತದೆ. ಕಪ್ಪು ಛಾಯೆ ಕಂಡರೆ ಬಲಕೋಣೆ, ಕೆಲಸ ಕೆಟ್ಟಿತು ಅಂತಲೇ ಅರ್ಥ. ಈ ಕೋಶಗಳಿಗೆ ಮಿಂಚುಹುಳದ ಒಂದು ಜೀನ್ ಸೇರಿಸಿರುತ್ತಾರೆ, ಆ ಜೀನ್‌ನಿಂದ ಹೊಳೆಯುವ ಲೂಸಿಫೆರಿನ್ ಎಂಬ ವಸ್ತುವನ್ನು ಚುಚ್ಚಿ ಕ್ಯಾಮೆರಾ ಕೆಳಗಿಟ್ಟರೆ ಅವು ಎಲ್ಲಿವೆಯೋ ಅಲ್ಲಿ ಬೆಳಕು ಕಾಣುತ್ತದೆ. ಆರು ಇಲಿಗಳ ಮೈಯೆಲ್ಲ ಬೆಳಗಿತು. ಮೂರರಲ್ಲಿ ಬೆಳಕು ಎದೆಯಲ್ಲೇ ನಿಂತಿತ್ತು, ಅಂದರೆ ಕೋಶಗಳು ಮೈಗೆ ಹರಡಿರಲಿಲ್ಲ. ಒಂದು ಮೇಜಿನ ಮೇಲೇ ಸತ್ತಿತು, ಅದು ನನ್ನ ಕೈಯ ತಪ್ಪೇ.

ನಾಲ್ಕು ವಾರಕ್ಕೆ ಎಕ್ಸ್‌ರೇ ತೆಗೆದೆವು. ಮೊಣಕಾಲಿನ ಹತ್ತಿರ ಮೂಳೆಯಲ್ಲಿ ಹುಳು ತಿಂದಂಥ ತೂತುಗಳು. ತಮಾಷೆ ಅಂದರೆ ಮೂಳೆಯನ್ನು ತಿನ್ನುವುದು ಕ್ಯಾನ್ಸರ್ ಅಲ್ಲ, ಹಳೆ ಮೂಳೆಯನ್ನು ಕರಗಿಸುವ, ಮೈಯದೇ ಆಸ್ಟಿಯೋಕ್ಲಾಸ್ಟ್ ಕೋಶಗಳು. ಕ್ಯಾನ್ಸರ್ ಅವನ್ನು ಕೆರಳಿಸುತ್ತದೆ, ಮೂಳೆ ಕರಗಿದಾಗ ಹೊರಬರುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು ತಿರುಗಿ ಕ್ಯಾನ್ಸರನ್ನೇ ಕೊಬ್ಬಿಸುತ್ತದೆ. ಮೂಳೆಗೆ ಹರಡಿದಾಗ ಕೊಡುವ ಜೊಲೆಡ್ರೋನಿಕ್ ಆಸಿಡ್ ಔಷಧಿ ಹೊಡೆಯುವುದು ಈ ಆಸ್ಟಿಯೋಕ್ಲಾಸ್ಟ್‌ಗಳನ್ನೇ. ಕ್ಯಾನ್ಸರ್ ಕೋಶವೆಂಬ ಬೀಜ ಬಿದ್ದರೆ ಸಾಲದು, ಅದು ಬೀಳುವ ಅಂಗವೆಂಬ ಮಣ್ಣೂ ಒಪ್ಪಬೇಕು ಅಂತ ಇಂಗ್ಲಿಷ್ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದರು.

ಖುಷಿಯಲ್ಲಿ ಆ ಎಕ್ಸ್‌ರೇಯನ್ನು ಚಿಕ್ಕಮ್ಮನಿಗೆ ತೋರಿಸಿದೆ. ತೋರಿಸಬಾರದಿತ್ತೇನೋ. ಅವರಿಗೆ ಸ್ತನ ಕ್ಯಾನ್ಸರ್ ವಾಸಿಯಾಗಿ ಹನ್ನೊಂದು ವರ್ಷದ ಮೇಲೆ ಸೊಂಟದ ಮೂಳೆಯಲ್ಲಿ ಕಾಣಿಸಿಕೊಂಡಿತ್ತು. ತುಂಬಾ ಹೊತ್ತು ನೋಡಿ, "ನಾಲ್ಕೇ ವಾರಕ್ಕಾ? ನಂದು ಹನ್ನೊಂದು ವರ್ಷ ಎಲ್ಲಿ ಅಡಗಿತ್ತು ಹಾಗಾದ್ರೆ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಆ ಅಡಗಿ ಕೂರುವ ಕಾಲ ಇಲಿಯಲ್ಲಿ ನಾವು ಕಟ್ಟಿದ ಮಾದರಿಯಲ್ಲಿ ಇಲ್ಲವೇ ಇಲ್ಲ. ಸ್ತನದಿಂದ ತಪ್ಪಿಸಿಕೊಳ್ಳುವ ಭಾಗವನ್ನಂತೂ ಸೂಜಿಯೇ ಹಾರಿಸಿಬಿಡುತ್ತದೆ. ನಾವು ಬಳಸಿದ, ಪ್ರಯೋಗಾಲಯದಲ್ಲಿ ಬೆಳೆಸುವ ಎಂಡಿಎ-ಎಂಬಿ-231 ಎಂಬ ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇಲ್ಲ, ಚಿಕ್ಕಮ್ಮನದು ಅದಿದ್ದ ಬಗೆ. ನಾವು ಬಳಸುವ ಇಲಿಗಳಿಗೋ ಹೊರಗಿನ ಕೋಶಗಳ ಮೇಲೆ ಬೀಳುವ ಟಿ-ಕೋಶಗಳೇ ಇಲ್ಲ, ಇದ್ದರೆ ಮನುಷ್ಯರ ಕೋಶವನ್ನು ಬದುಕಲು ಬಿಡುತ್ತಿರಲಿಲ್ಲ.

ರಿಸೆಪ್ಟರ್ ಇರುವ ಇನ್ನೊಂದು ಬಗೆಯ ಸ್ತನ ಕ್ಯಾನ್ಸರ್ ಕೋಶ ಎಂಸಿಎಫ್-7 ಹಾಕೋಣ ಅಂತ ನಾನೇ ಹಟ ಹಿಡಿದೆ. ಅದು ಬೆಳೆಯಲು ಇಲಿಗೆ ಈಸ್ಟ್ರೋಜನ್ ಕೊಡಬೇಕು, ಕೊಟ್ಟೆವು. ಎಕ್ಸ್‌ರೇ ನೋಡಿದರೆ ಕ್ಯಾನ್ಸರ್ ಹಾಕದ ಇಲಿಗಳ ಮೂಳೆಯೂ ದಪ್ಪಗಾಗಿತ್ತು, ಬರೀ ಈಸ್ಟ್ರೋಜನ್‌ನಿಂದ. ಮೂಳೆಯಲ್ಲಿ ಕ್ಯಾನ್ಸರ್ ಮಾಡಿದ್ದು ಯಾವುದು, ಹಾರ್ಮೋನ್ ಮಾಡಿದ್ದು ಯಾವುದು ಅಂತ ಬೇರ್ಪಡಿಸುವುದು ಕಷ್ಟವಾಯಿತು. ಈಗ ಎಷ್ಟು ಕಡಿಮೆ ಕೊಟ್ಟರೆ ಸಾಕು ಅಂತ ನೋಡುತ್ತಾ ಕೂತಿದ್ದೇವೆ.