ಶೆಡ್ಯೂಲ್‌ನಲ್ಲಿ ಇರದ ಫೋಟೋ

2024 ಜೂನ್ 8, ಶನಿವಾರ

ಗಗನಯಾತ್ರಿ ಬಿಲ್ ಆಂಡರ್ಸ್ ತೀರಿಕೊಂಡರು. ಬೆಳಿಗ್ಗೆ ಮೊಬೈಲ್ ತೆಗೆದಾಗ ಮೊದಲು ಕಂಡ ಸುದ್ದಿ ಇದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸ್ಯಾನ್ ವಾನ್ ದ್ವೀಪಗಳ ಹತ್ತಿರ, ಅವರೊಬ್ಬರೇ ಹಾರಿಸುತ್ತಿದ್ದ ಹಳೆಯ ಟಿ-34 ವಿಮಾನ ನೀರಿಗೆ ಬಿದ್ದಿದೆ. ವಯಸ್ಸು 90. ಅವರ ಜೊತೆ ಚಂದ್ರನವರೆಗೆ ಹೋಗಿಬಂದ ಫ್ರಾಂಕ್ ಬೋರ್ಮನ್ ಹೋದ ವರ್ಷ ನವೆಂಬರ್‌ನಲ್ಲೇ ಹೋದರು. 1968ರಲ್ಲಿ ಚಂದ್ರನನ್ನು ಸುತ್ತಿಬಂದ ಅಪೊಲೊ 8 ನೌಕೆಯ ಮೂವರಲ್ಲಿ 2024ರ ಈ ಜೂನ್‌ಗೆ ಉಳಿದವರು ಜಿಮ್ ಲವೆಲ್ ಒಬ್ಬರೇ.

ಸ್ಟುಡಿಯೋದಲ್ಲಿ ಇವತ್ತು ಕೆಲಸ ಕಡಿಮೆ ಇತ್ತು. ಆಂಡರ್ಸ್ ಆ ನೌಕೆಯಿಂದ ತೆಗೆದ 'ಅರ್ಥ್‌ರೈಸ್' (ಭೂಮಿ ಮೂಡುವುದು) ಅನ್ನುವ ಫೋಟೋವನ್ನು ದೊಡ್ಡ ಮಾನಿಟರ್‌ನಲ್ಲಿ ಹಾಕಿಕೊಂಡು ಕೂತಿದ್ದೆ. ಎಲ್ಲರೂ ನೋಡಿರುತ್ತೀರಿ. ಬೂದು ಬಣ್ಣದ ಚಂದ್ರನ ನೆಲ, ಅದರ ಅಂಚಿನಾಚೆ ಕಪ್ಪು ಆಕಾಶ, ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬೆಳಗಿದ ನೀಲಿ ಭೂಮಿ. ನಮ್ಮಲ್ಲಿ ಎಡಿಟಿಂಗ್ ಮಾಡುವ ಹುಡುಗ ಹಿಂದೆ ಬಂದು ನಿಂತು, 'ಲಕ್ಕಿ ಶಾಟ್ ಅಲ್ವಾ ಸಾರ್?' ಅಂದ. ಹಾಗೆ ಹೇಳುವವರು ತುಂಬಾ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ.

1968ರ ಡಿಸೆಂಬರ್ 24. ನಮ್ಮಲ್ಲಿ ಆಗ ರಾತ್ರಿ ಹತ್ತು ದಾಟಿತ್ತು. ನೌಕೆ ಚಂದ್ರನ ನಾಲ್ಕನೇ ಸುತ್ತಿನಲ್ಲಿತ್ತು. ಮೊದಲ ಮೂರು ಸುತ್ತಿನಲ್ಲೂ ಭೂಮಿ ಮೇಲೆ ಬಂದಿತ್ತು, ಆದರೆ ಕಿಟಕಿಗಳು ಬೇರೆ ಕಡೆ ಮುಖ ಮಾಡಿದ್ದರಿಂದ ಯಾರಿಗೂ ಕಾಣಲಿಲ್ಲ. ಈ ಸಲ ಬೋರ್ಮನ್ ಯೋಜನೆಯ ಪ್ರಕಾರ ನೌಕೆಯನ್ನು ಹೊರಳಿಸುತ್ತಿದ್ದರು. ಆಂಡರ್ಸ್ ಪಕ್ಕದ ಕಿಟಕಿಯಿಂದ ಚಂದ್ರನ ಕುಳಿಗಳನ್ನು ಕಪ್ಪು ಬಿಳುಪು ಫಿಲ್ಮ್‌ನಲ್ಲಿ ತೆಗೆಯುತ್ತಿದ್ದರು. ಅವರಿಗೆ ವಹಿಸಿದ್ದ ಕೆಲಸ ಅದೇ. ಅಷ್ಟರಲ್ಲಿ ಭೂಮಿ ಕಂಡಿತು.

ಮುಂದಿನ ಒಂದೆರಡು ನಿಮಿಷದ ಮಾತುಕತೆ ನೌಕೆಯ ಟೇಪಿನಲ್ಲಿ ಹಾಗೇ ಉಳಿದಿದೆ. ನನಗೆ ಫೋಟೋದಷ್ಟೇ ಇಷ್ಟವಾದದ್ದು ಅದು. ಆಂಡರ್ಸ್ ಕ್ಯಾಮೆರಾ ಎತ್ತಿದಾಗ ಬೋರ್ಮನ್, ಅದನ್ನು ತೆಗೀಬೇಡ, ಶೆಡ್ಯೂಲ್‌ನಲ್ಲಿ ಇಲ್ಲ ಅಂತ ತಮಾಷೆ ಮಾಡುತ್ತಾರೆ. ಆಂಡರ್ಸ್ ಕಪ್ಪು ಬಿಳುಪಿನಲ್ಲೇ ಒಂದು ಕ್ಲಿಕ್ ಮಾಡಿ, ಬೇಗ ಕಲರ್ ಫಿಲ್ಮ್ ಕೊಡು ಅಂತ ಲವೆಲ್‌ರನ್ನು ಕೇಳುತ್ತಾರೆ. ಹುಡುಕಾಟ, ಅವಸರ. ಫಿಲ್ಮ್ ಕೈಗೆ ಬರುವಷ್ಟರಲ್ಲಿ ಭೂಮಿ ಆ ಕಿಟಕಿಯಿಂದ ಜಾರಿಹೋಗಿದೆ. ತಪ್ಪಿಹೋಯಿತು ಅನಿಸುತ್ತೆ ಅನ್ನುತ್ತಾರೆ ಆಂಡರ್ಸ್. ಆಗ ಲವೆಲ್ ಇನ್ನೊಂದು ಕಿಟಕಿಯಲ್ಲಿ ಹಿಡಿದು, ಇಲ್ಲಿದೆ, ಇಲ್ಲಿದೆ ಅಂತ ಕೂಗುತ್ತಾರೆ. ಜಾಸ್ತಿ ತೆಗಿ, ಇಲ್ಲಾ ನನಗೆ ಕೊಡು ಅಂತ ಗಡಿಬಿಡಿ. ಆಂಡರ್ಸ್ ಮಾತ್ರ, ತಾಳು, ಸೆಟ್ಟಿಂಗ್ ಸರಿ ಮಾಡ್ಕೋತೀನಿ ಅನ್ನುತ್ತಾರೆ. ಬೋರ್ಮನ್ ಕೂಡ ಲವೆಲ್‌ಗೆ ಸಮಾಧಾನ ಹೇಳುತ್ತಾರೆ. ಶಟರ್ ಸೆಕೆಂಡಿನ 250ರಲ್ಲಿ ಒಂದು ಭಾಗ, ಅಪರ್ಚರ್ (ಲೆನ್ಸಿನ ತೆರಪು) ಎಫ್ 11. ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕು) ಸ್ವಲ್ಪ ಬದಲಾಯಿಸಿ ಇನ್ನೊಂದು ತೆಗಿ ಅಂತ ಲವೆಲ್. ಆಗಲೇ ಎರಡು ತೆಗೆದೆ ಅಂತ ಆಂಡರ್ಸ್.

ಇದರಲ್ಲಿ ಅದೃಷ್ಟ ಎಲ್ಲಿದೆ? ಭೂಮಿ ಕಂಡದ್ದು ಅದೃಷ್ಟ ಇರಬಹುದು. ಫೋಟೋ ಬಂದದ್ದು ಅದೃಷ್ಟದಿಂದ ಅಲ್ಲ.

ಕ್ಯಾಮೆರಾ ಹ್ಯಾಸೆಲ್‌ಬ್ಲಾಡ್ 500 ಇಎಲ್. ಲೆನ್ಸ್ 250 ಮಿಲಿಮೀಟರ್. ಒಳಗೆ ನೋಡಿ ಫ್ರೇಮ್ ಮಾಡುವ ವ್ಯವಸ್ಥೆಯನ್ನೇ ತೆಗೆದುಹಾಕಿದ್ದರು. ಗುರಿ ಹಿಡಿಯಲು ಮೇಲೊಂದು ಬಳೆಯಂಥ ಸೈಟ್, ಅಷ್ಟೇ. ಫೋಕಸ್, ಅಪರ್ಚರ್, ಶಟರ್ ಎಲ್ಲವನ್ನೂ ಕೈಯಲ್ಲೇ ಹೊಂದಿಸಬೇಕು. ಲೆಕ್ಕ ಹಾಕಿದರೆ ಆ ಲೆನ್ಸಿನಲ್ಲಿ ಭೂಮಿ ಫಿಲ್ಮಿನ ಮೇಲೆ ಬೀಳುವುದು ಸುಮಾರು 8 ಮಿಲಿಮೀಟರ್ ಅಗಲಕ್ಕೆ. ಇನ್ನು ಫಿಲ್ಮ್ ಕೊಡಾಕ್ ಎಕ್ಟಾಕ್ರೋಮ್, ಅಂದರೆ ಸ್ಲೈಡ್ ಫಿಲ್ಮ್. ಸ್ಲೈಡ್ ತೆಗೆದವರಿಗೆ ಗೊತ್ತು, ಅದು ತಪ್ಪನ್ನು ಕ್ಷಮಿಸುವುದಿಲ್ಲ. ಬೆಳಕು ಸ್ವಲ್ಪ ಜಾಸ್ತಿಯಾದರೂ ಬಿಳಿ ಮೋಡ ತೊಳೆದುಹೋಗುತ್ತದೆ. ಚಂದ್ರನ ನೆಲವೋ ಹಳೆಯ ಡಾಂಬರಿನಷ್ಟು ಮಬ್ಬು, ಭೂಮಿಯ ಮೋಡಗಳು ಅದಕ್ಕಿಂತ ಎಷ್ಟೋ ಬೆಳ್ಳಗೆ. ಎರಡೂ ಒಂದೇ ಫ್ರೇಮಿನಲ್ಲಿ ಉಳಿಯಬೇಕು. ಎಕ್ಸ್‌ಪೋಶರ್ ಬದಲಾಯಿಸು ಅಂತ ಲವೆಲ್ ಹೇಳಿದ್ದು ಇದಕ್ಕೇ. ಮೇಲಾಗಿ ನೌಕೆಯ ಐದು ಕಿಟಕಿಗಳಲ್ಲಿ ಮೂರಕ್ಕೆ ಸೀಲಿಂಗ್ ವಸ್ತುವಿನ ಆವಿ ಕೂತು ಮಬ್ಬು ಹಿಡಿದಿತ್ತು. ಸ್ಪಷ್ಟವಾಗಿ ಕಾಣುವ ಕಿಟಕಿಯೇ ಬೇಕು ಅಂತ ಆಂಡರ್ಸ್ ಹಟ ಹಿಡಿದದ್ದು ಟೇಪಿನಲ್ಲಿ ಕೇಳುತ್ತದೆ.

ಫಿಲ್ಮ್ ಬದಲಾಯಿಸಿದ್ದರ ಬಗ್ಗೆ ಹೇಳಲೇಬೇಕು. ನಾವೆಲ್ಲ ಮದುವೆ ಫೋಟೋ ತೆಗೆದದ್ದು ಯಾಶಿಕಾ ಕ್ಯಾಮೆರಾದಲ್ಲಿ. ರೋಲಿಗೆ 12 ಫೋಟೋ. ಒಂಬತ್ತು ಮುಗಿದು ಮುಹೂರ್ತ ಹತ್ತಿರ ಬಂತು ಅಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಉಳಿದ ಮೂರನ್ನು ಹಾಳು ಮಾಡಿ ಹೊಸ ರೋಲ್ ಹಾಕಬೇಕೋ, ಧೈರ್ಯ ಮಾಡಿ ಹಾಗೇ ನಿಲ್ಲಬೇಕೋ? ತಾಳಿ ಕಟ್ಟುವುದು ಯಾರಿಗಾಗಿಯೂ ಕಾಯುವುದಿಲ್ಲ. ಹ್ಯಾಸೆಲ್‌ಬ್ಲಾಡ್‌ನಲ್ಲಿ ಹಾಗಲ್ಲ. ಫಿಲ್ಮ್ ಇರುವ ಹಿಂಬದಿಯ ಡಬ್ಬಿಯನ್ನೇ (ಮ್ಯಾಗಜೀನ್) ಪೂರ್ತಿ ಬಿಚ್ಚಿ, ರೋಲಿನ ಮಧ್ಯದಲ್ಲೇ ಇನ್ನೊಂದನ್ನು ಕೂರಿಸಬಹುದು. ಇದ್ದ ಫಿಲ್ಮಿಗೆ ಏನೂ ಆಗುವುದಿಲ್ಲ. ಆ ಸೌಲಭ್ಯ ಇರದಿದ್ದರೆ ಈ ಫೋಟೋ ಕಪ್ಪು ಬಿಳುಪಿನಲ್ಲೇ ಉಳಿಯುತ್ತಿತ್ತು.

ಹಾಗೆ ಉಳಿದದ್ದೂ ಒಂದಿದೆ. 1966ರ ಆಗಸ್ಟ್‌ನಲ್ಲೇ ಲೂನಾರ್ ಆರ್ಬಿಟರ್ 1 ಅನ್ನುವ ಮನುಷ್ಯರಿಲ್ಲದ ನೌಕೆ ಚಂದ್ರನ ಅಂಚಿನಲ್ಲಿ ಭೂಮಿಯ ಫೋಟೋ ತೆಗೆದಿತ್ತು. ಫಿಲ್ಮನ್ನು ನೌಕೆಯಲ್ಲೇ ತೊಳೆದು, ಸ್ಕ್ಯಾನ್ ಮಾಡಿ, ರೇಡಿಯೋದಲ್ಲಿ ಕಳಿಸಿತು. ಎಂಥ ಎಂಜಿನಿಯರಿಂಗ್! ಆದರೂ ಜನರ ಮನಸ್ಸಿನಲ್ಲಿ ಕೂತದ್ದು ಎರಡು ವರ್ಷ ಬಿಟ್ಟು ಬಂದ ಕಲರ್ ಫೋಟೋ. ನೀಲಿ ಬಣ್ಣ ಇಲ್ಲದೆ ಅದು ನಮ್ಮ ಮನೆ ಅನಿಸುವುದಿಲ್ಲ.

ಒಂದು ವಿಷಯ ಸುಮ್ನೆ ನೆನಪಾಯಿತು. ಚಂದ್ರನ ನೆಲದ ಮೇಲೆ ನಿಂತವರಿಗೆ ಭೂಮಿ ಹೀಗೆ ಮೂಡುವುದಿಲ್ಲ. ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರುತ್ತದೆ. ಸುತ್ತುತ್ತಿದ್ದ ನೌಕೆಯಲ್ಲಿದ್ದವರಿಗೆ ಮಾತ್ರ ಅದು ಮೇಲೆದ್ದು ಬಂದದ್ದು. ನಾವು ನೋಡುವ ಪ್ರಿಂಟಿನಲ್ಲಿ ಚಂದ್ರನ ನೆಲ ಕೆಳಗಿರುತ್ತದೆ. ಆಂಡರ್ಸ್ ನೋಡುತ್ತಿದ್ದದ್ದು ನೆಲ ಬಲಗಡೆ ಗೋಡೆಯಂತೆ ನಿಂತ ಹಾಗೆ. ಹುಡುಗನಿಗೆ ತಿರುಗಿಸಿ ತೋರಿಸಿದೆ. ತುಂಬಾ ಹೊತ್ತು ನೋಡಿದ. ನನಗೂ ಹಾಗೇ ಇಷ್ಟ. ಮೇಲೆ ಕೆಳಗೆ ಅನ್ನುವುದೇ ಇಲ್ಲದ ಜಾಗದಲ್ಲಿ ಇದ್ದೇವೆ ಅಂತ ಗೊತ್ತಾಗುತ್ತದೆ.

ನನ್ನನ್ನು ಕಾಡುವ ಮಾತು ಇನ್ನೊಂದು. ಇದನ್ನು ತೆಗೆದದ್ದು ತಾನು ಅಂತ ಬೋರ್ಮನ್ ಎಷ್ಟೋ ವರ್ಷ ಹೇಳಿದ್ದರು, ಅದು ಪ್ರಿಂಟ್ ಕೂಡ ಆಯಿತು. ಬೇಕೆಂದೇ ಹೇಳಿದ್ದು ಅನಿಸುವುದಿಲ್ಲ, ಆ ಸಡಗರದಲ್ಲಿ ನೆನಪು ಕಲಸಿಹೋಗಿರಬಹುದು. 2013ರಲ್ಲಿ ನಾಸಾದವರು ಟೇಪು, ಫೋಟೋಗಳ ಸಮಯ, ಚಂದ್ರನ ಹೊಸ ನಕ್ಷೆ ಎಲ್ಲವನ್ನೂ ಜೋಡಿಸಿ ನೋಡಿದರು. ಕಪ್ಪು ಬಿಳುಪಿನದ್ದೂ ಸೇರಿ ಮೂರನ್ನೂ ತೆಗೆದದ್ದು ಆಂಡರ್ಸ್ ಅಂತ ಖಾತ್ರಿಯಾಯಿತು. 2018ರಲ್ಲಿ ಅದೇ ಫೋಟೋದಲ್ಲಿ ಕಾಣುವ ಒಂದು ಕುಳಿಗೆ 'ಆಂಡರ್ಸ್ ಅರ್ಥ್‌ರೈಸ್' ಅಂತ ಹೆಸರಿಟ್ಟರು. ತಡವಾದರೂ ಸಿಕ್ಕಿತಲ್ಲ.

ನಾಳೆ ಪೇಪರುಗಳಲ್ಲಿ ಈ ಫೋಟೋ ಬರಬಹುದು, ವಾಟ್ಸಾಪಿನಲ್ಲಂತೂ ಬಂದೇ ಬರುತ್ತದೆ. ಪೇಜ್ ಕಟ್ಟುವ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಕೆಳಗೆ ಬರೀ 'ನಾಸಾ' ಅಂತ ಹಾಕಿ ಬಿಡಬೇಡಿ. ಬಿಲ್ ಆಂಡರ್ಸ್ ಅಂತ ಹೆಸರು ಹಾಕಿ.